ದಂಡಿಗೆ ಹೋದವರು

ನಮ್ಮ ಮನೆತನದಲ್ಲಿ ಕಥೆ ಹೇಳುವ ಕೆಲಸ ನನ್ನದು. ಮದುವೆಯಾಗಲಿ, ನಾಮಕರಣವಾಗಲಿ, ಊಟ ಮುಗಿದು ಎಲೆಯಡಿಕೆ ತಟ್ಟೆ ಬರುವ ಹೊತ್ತಿಗೆ ಯಾರಾದರೊಬ್ಬರು, "ಎಲ್ಲಿ, ಆ ದಂಡಿನ ಕಥೆ ಆಗ್ಲಿ," ಅನ್ನುತ್ತಿದ್ದರು. ನಾನು ಒಂದೆರಡು ಸಲ ಬೇಡ ಬೇಡ ಅಂದಂತೆ ಮಾಡಿ, ಕುರ್ಚಿ ಮುಂದಕ್ಕೆ ಎಳೆದುಕೊಂಡು ಶುರು ಹಚ್ಚುತ್ತಿದ್ದೆ. ನಲವತ್ತು ವರ್ಷಕ್ಕೂ ಮೇಲೆ ಹೇಳಿದ ಕಥೆ. ಈಗ ಹೇಳುವುದಿಲ್ಲ. ಯಾಕೆ ಬಿಟ್ಟೆ ಅಂತ ಕೇಳಿದವರಿಗೆ ಗಂಟಲು ಸರಿಯಿಲ್ಲ ಅಂದು ತಪ್ಪಿಸಿಕೊಂಡಿದ್ದೇನೆ. ಸರಿಯಿಲ್ಲದ್ದು ಗಂಟಲಲ್ಲ. ಅದನ್ನು ಇಲ್ಲಿ ಬರೆದುಬಿಡುತ್ತೇನೆ.

ಬೇರೆ ಕಡೆಯವರಿಗೆ ಮೊದಲು ಒಂದು ಮಾತು ಹೇಳಬೇಕು. ನಮ್ಮೂರು ಕೋಗಿಲು. ಈಗ ಅಲ್ಲಿ ಹತ್ತು ಮಹಡಿ ಕಟ್ಟಡಗಳಿವೆ, ನಾನು ಚಿಕ್ಕವನಿದ್ದಾಗ ಎಲಹಂಕದ ಪಕ್ಕದ ಒಂದು ಹಳ್ಳಿ. ನಮ್ಮ ಕಡೆಯ ಹಳಬರು ಬೆಂಗಳೂರಿನ ಕಂಟೋನ್ಮೆಂಟನ್ನು ದಂಡು ಅಂತಲೇ ಕರೆಯುತ್ತಿದ್ದರು. ಊರಿನ ಸೊಪ್ಪು, ಹಾಲು, ಹುಲ್ಲು ಎಲ್ಲ ದಂಡಿಗೇ ಹೋಗಬೇಕು. "ಬೆಳಿಗ್ಗೆ ದಂಡಿಗೆ ಓದೋಳು ಈಗ ಬಂದೆ ಕಣವ್ವ," ಅನ್ನುತ್ತ ನಮ್ಮಜ್ಜಿ ತಲೆಯ ಮೇಲಿನ ಬುಟ್ಟಿ ಇಳಿಸುತ್ತಿದ್ದಳು. ದಂಡು ಅಂದರೆ ಸೈನ್ಯ ಅಂತ ಆಮೇಲೆ ಸ್ಕೂಲಿನಲ್ಲಿ ಓದಿದೆ. ಆದರೆ ಅದು ಪುಸ್ತಕದ ದಂಡು. ನಮ್ಮ ಬಾಯಲ್ಲಿದ್ದ ದಂಡು ಶಿವಾಜಿನಗರದ ಬಸ್ಸು ಹತ್ತಿದರೆ ಸಿಗುವ ಜಾಗ.

ನಮ್ಮ ತಾತನಿಗೆ ಒಬ್ಬ ತಮ್ಮನಿದ್ದ. ನನಗೆ ಚಿಕ್ಕತಾತ. ನಾನು ಹುಟ್ಟುವುದಕ್ಕೆ ಇಪ್ಪತ್ತು ವರ್ಷ ಮುಂಚೆಯೇ, ಹೆಂಡತಿಯನ್ನೂ ಕೈಗೂಸು ಮಗಳನ್ನೂ ಬಿಟ್ಟು ಹೋದವನು ತಿರುಗಿ ಬರಲಿಲ್ಲ. ತಾತ ಅವನ ಹೆಸರೆತ್ತಿದರೆ ಎದ್ದು ಹೋಗಿಬಿಡುತ್ತಿದ್ದ. ಅಪ್ಪನಿಗೆ ಗೊತ್ತಿರಲಿಲ್ಲ. ಅಜ್ಜಿಯನ್ನು ಕೇಳಿದಾಗ ಅವಳು ಹೇಳಿದ್ದು ಮೂರೇ ಮಾತು: "ದಂಡಿಗೆ ಓಗಿ ಸೇರ್ಕಂಬುಟ್ಟ."

ಸೇರಿಕೊಳ್ಳುವುದು ಅಂದರೆ ನಮ್ಮ ಕಡೆ ಗೊತ್ತಲ್ಲ. ಗಂಡಸು ಇನ್ನೊಬ್ಬಳ ಮನೆಯಲ್ಲಿ ಬಿಡಾರ ಹೂಡಿದರೂ 'ಅವಳನ್ನು ಸೇರ್ಕೊಂಡ' ಅನ್ನುತ್ತಾರೆ. ಅಷ್ಟು ಸಾಕಾಯಿತು ನನಗೆ. ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ಆ ಮೂರು ಮಾತಿಗೆ ಕೈಕಾಲು ಮೂಗು ಎಲ್ಲ ಕೂಡಿಸಿದೆ. ಚಿಕ್ಕತಾತ ಎತ್ತಿಗೆ ಮೂಗುದಾರ ತರುತ್ತೇನೆ ಅಂತ ದಂಡಿಗೆ ಹೋದ. ಅಲ್ಲಿ ಹೂ ಮಾರುವವಳೊಬ್ಬಳು ನಕ್ಕಳು. ಮೂಗುದಾರ ಇವನಿಗೇ ಬಿತ್ತು. ಈಗ ಅಲ್ಲೇ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ನೀಲಿ ಬಾಗಿಲಿನ ಮನೆ, ಬಾಯಲ್ಲಿ ಚಿನ್ನದ ಹಲ್ಲು. ನಮ್ಮೂರಿನವರು ಎದುರು ಬಂದರೆ ತಮಿಳಿನಲ್ಲಿ 'ಯಾರಪ್ಪ ನೀನು' ಅಂತಾನೆ. ಎಂಟೊಂಬತ್ತು ಮೈಲಿ ದೂರ ಹೋಗಿ ಪರದೇಶಿಯಾದ ಮನುಷ್ಯ ಅವನೊಬ್ಬನೇ! ಇಲ್ಲಿಗೆ ಬರುವಷ್ಟರಲ್ಲಿ ಜನ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು.

ಅವನ ಹೆಂಡತಿ, ನಮ್ಮ ಚಿಕ್ಕಜ್ಜಿ, ನಮ್ಮ ಮನೆಯಲ್ಲೇ ಇದ್ದಳು. ಸಾಯುವವರೆಗೂ ಹಣೆಗೆ ಕಾಸಗಲ ಕುಂಕುಮ, ಕೈತುಂಬ ಹಸಿರು ಬಳೆ. ಮಗಳನ್ನು ಅಬ್ಬಿಗೆರೆಗೆ ಕೊಟ್ಟರು. ಆ ಮಗಳು ನನಗೆ ಅತ್ತೆ. ಅತ್ತೆಯ ಮಗಳ ಮದುವೆಯಲ್ಲೂ, ಬೀಗರ ಎದುರಿಗೇ, ಈ ಕಥೆ ಹೇಳಿದೆ. ಅತ್ತೆ ಪಾಯಸದ ಪಾತ್ರೆ ಹಿಡಿದುಕೊಂಡು ನಿಂತು, ಸೆರಗನ್ನು ಬಾಯಿಗಿಟ್ಟು ನಕ್ಕಿದ್ದಳು. ಅವಳೇ ನಕ್ಕ ಮೇಲೆ ಇನ್ನೇನು ಅಂತ ನನಗೆ ಇನ್ನೂ ಧೈರ್ಯ ಬಂತು.

ಹೋದ ವರ್ಷ ಡಿಸೆಂಬರಿನಲ್ಲಿ ನಾನು, ನನ್ನ ಹೆಂಡತಿ, ಅವಳ ತಮ್ಮ ಮೂವರೂ ಸಿಂಗಪುರಕ್ಕೆ ಹೋಗಿದ್ದೆವು. ಐದು ದಿನದ ಟೂರು, ಬಸ್ಸಿನ ತುಂಬ ಎಲಹಂಕ, ಹೆಬ್ಬಾಳದ ಕಡೆಯವರೇ. ಭಾಮೈದನಿಗೆ ಸೈಟು ಕೊಡಿಸುವ ಕೆಲಸ. ಹೊರದೇಶಕ್ಕೆ ಹೋದರೂ ಅವನ ಕಣ್ಣು ನೆಲದ ಮೇಲೇ. ಮೂರನೆಯ ದಿನ ಮೃಗಾಲಯಕ್ಕೆ ಕರೆದುಕೊಂಡು ಹೋಗುತ್ತಿದ್ದಾಗ ಬಸ್ಸಿನ ಏಸಿ ಕೆಟ್ಟಿತು. ಒಳಗೆ ಇಡ್ಲಿ ಬೇಯಿಸುವ ಹಂಡೆಯ ಹಾಗಾಯಿತು. ಬೇರೆ ಬಸ್ಸು ಬರಲು ಮುಕ್ಕಾಲು ಗಂಟೆ, ಎಲ್ಲಾದರೂ ನೆರಳಿನಲ್ಲಿ ಕೂತಿರಿ ಅಂದರು. ರಸ್ತೆ ಪಕ್ಕದಲ್ಲೇ ಒಂದು ಗಿಡ್ಡ ಗೋಡೆ, ಒಂದು ಸಣ್ಣ ಗೇಟು. ಆಚೆ ಹಸಿರೋ ಹಸಿರು. ಪಾರ್ಕಿರಬೇಕು ಅಂತ ನಾವು ಮೂವರೂ ಒಳಗೆ ನುಗ್ಗಿದೆವು.

ಒಳಗೆ ಒಂದು ದಿಣ್ಣೆ. ದಿಣ್ಣೆಯ ತುಂಬ ನೀಟಾಗಿ ಕತ್ತರಿಸಿದ ಹುಲ್ಲು. ಹುಲ್ಲಿನಲ್ಲಿ ದಾರ ಹಿಡಿದು ನೆಟ್ಟಂತೆ ಸಾಲು ಸಾಲಾಗಿ ಬಿಳಿ ಕಲ್ಲು. ನಾವು ಬಂದದ್ದು ಕಲ್ಲುಗಳ ಬೆನ್ನ ಕಡೆಯಿಂದ, ಹಾಗಾಗಿ ಅಕ್ಷರ ಏನೂ ಕಾಣಲಿಲ್ಲ. ಸ್ಮಶಾನ ಅಂದರೆ ನಮಗೆ ಹುಣಸೆಮರ, ಲಂಟಾನ, ಒಡೆದ ಮಡಕೆ. ಇಷ್ಟು ಚೊಕ್ಕಟವಾದ ಜಾಗದ ಮೇಲೆ ಆ ಗುಮಾನಿಯೇ ಹುಟ್ಟಲಿಲ್ಲ. ಹೊಲದಲ್ಲಿ ಸಾಲಾಗಿ ಕಲ್ಲು ಕಂಡರೆ ನಮ್ಮ ಕಡೆಯವರಿಗೆ ಗೊತ್ತಿರುವ ಅರ್ಥ ಒಂದೇ. ನಮ್ಮ ರಾಗಿ ಹೊಲದಲ್ಲೂ ಒಂದು ದಿನ ಹಾಗೇ ನೆಟ್ಟು ಹೋಗಿದ್ದರು.

ಬಾಯಿ ಮೊದಲು ಬಿಟ್ಟವನು ನಾನೇ. "ಏನ್ ಗುರು, ಇಲ್ಲೂ ಲೇಔಟ್ ಮಾಡಿದ್ದಾರಲ್ಲ!"

ಭಾಮೈದ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದ. "ಒಳ್ಳೆ ಜಾಗ ಭಾವ, ರೋಡ್ ಪಕ್ಕ. ಆದ್ರೆ ಇಷ್ಟು ಹತ್ತತ್ರ ಕಲ್ಲು ನೆಟ್ರೆ ಮನೆ ಎಲ್ ಕಟ್ತಾರೆ? ಆರಡಿ ಮೂರಡಿನೂ ಇಲ್ವಲ್ಲ."

"ಮಲಗೋಕ್ ಸಾಕು ಬಿಡಯ್ಯ," ಅಂದೆ.

ಮೂವರೂ ನಕ್ಕೆವು. ಹೆಂಡತಿ ಮನೆಯಿಂದ ತಂದಿದ್ದ ಕೋಡುಬಳೆ ಡಬ್ಬಿ ತೆಗೆದಳು. ಹುಲ್ಲಿನ ಮೇಲೆ ಕಾಲು ಚಾಚಿ ಕೂತು ತಿಂದೆವು. ನಾನು ಒಂದು ಕಲ್ಲಿಗೆ ಒರಗಿಕೊಂಡಿದ್ದೆ. "ಭಾವ, ನಿಮ್ ಸೈಟಿನ ಜೊತೆ ಒಂದು ಫೋಟೋ," ಅಂತ ಭಾಮೈದ ನನ್ನದೇ ಫೋನಿನಲ್ಲಿ ಹೊಡೆದ. ಕಲ್ಲಿನ ನೆತ್ತಿ ತಟ್ಟುತ್ತ, ಇನ್ನೊಂದು ಕೈಯಲ್ಲಿ ಕೋಡುಬಳೆ ಹಿಡಿದು, ಹಲ್ಲು ಕಿರಿದೆ.

ಅಷ್ಟು ದೂರದಲ್ಲಿ ಹುಲ್ಲು ಕತ್ತರಿಸುತ್ತಿದ್ದ ಮಷಿನ್ನಿನ ಸದ್ದು ನಿಂತಿತು. ವಯಸ್ಸಾದ ತಮಿಳಿನವನೊಬ್ಬ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಹತ್ತಿರ ಬಂದ. ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ. ನಮಗೆ ಅರ್ಥವಾಗಲಿ ಅಂತ ನಿಧಾನವಾಗಿ ತಮಿಳಿನಲ್ಲೇ ಅಂದ: "ಸಾರ್, ತಿನ್ನೋದಿದ್ರೆ ಗೇಟ್ ಹತ್ರ ಬೆಂಚಿದೆ. ಇಲ್ಲಿ ಹುಡುಗರು ಮಲಗಿದಾರೆ."

ನನಗೆ ತಕ್ಷಣ ಹೊಳೆಯಲಿಲ್ಲ. ಹುಡುಗರು ಎಲ್ಲಿ ಅಂತ ಸುತ್ತ ನೋಡಿದೆ. ಹೆಂಡತಿಗೆ ಹೊಳೆದಿತ್ತು. ಅವಳು ಡಬ್ಬಿ ಮುಚ್ಚಿ, ಹುಲ್ಲಿನ ಮೇಲೆ ಉದುರಿದ ಚೂರುಗಳನ್ನು ಒಂದೊಂದಾಗಿ ಆರಿಸಿ ಸೆರಗಿಗೆ ಹಾಕಿಕೊಳ್ಳುತ್ತಿದ್ದಳು. ನಾನು ಎದ್ದು ಕಲ್ಲಿನ ಮುಂಭಾಗಕ್ಕೆ ಬಂದೆ. ಹೆಸರಿತ್ತು. ವಯಸ್ಸಿತ್ತು, ಇಪ್ಪತ್ತೊಂದು. ಪಕ್ಕದ್ದಕ್ಕೆ ಹತ್ತೊಂಬತ್ತು. ಅದರ ಪಕ್ಕದ್ದಕ್ಕೆ ಹೆಸರೂ ಇರಲಿಲ್ಲ, ಎರಡನೇ ಮಹಾಯುದ್ಧದಲ್ಲಿ ಸತ್ತ ಸಿಪಾಯಿ ಅಂತ ಮಾತ್ರ. ಭಾಮೈದ ಕಲ್ಲಿನ ಕಡೆಯೂ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. "ಬಸ್ ಬಂತೇನೋ ನೋಡ್ತೀನಿ," ಅಂತ ಗೇಟಿನ ಕಡೆ ಹೋಗಿಬಿಟ್ಟ.

ನಾವಿಬ್ಬರೂ ಅಲ್ಲಿಂದ ಹೇಗೆ ಹೊರಡುವುದೆಂದು ತಿಳಿಯದೆ ದಿಣ್ಣೆ ಹತ್ತಿದೆವು. ಮೇಲೆ ಒಂದು ದೊಡ್ಡ ಚಪ್ಪರದಂಥ ಕಟ್ಟಡ, ಸಾಲುಗೋಡೆಗಳು, ಗೋಡೆಗಳ ಮೇಲೆ ಅಡಿಯಿಂದ ಮುಡಿಯವರೆಗೆ ಸಣ್ಣಕ್ಷರದ ಹೆಸರುಗಳು. ದೇಹವೇ ಸಿಗದವರವು. ಇಂಗ್ಲಿಷ್ ಹೆಸರು, ಸಿಖ್ಖರ ಹೆಸರು, ಮುಸಲ್ಮಾನರ ಹೆಸರು ದಾಟಿ ಹೋಗುತ್ತಿದ್ದ ಹೆಂಡತಿ ಒಂದು ಕಡೆ ನಿಂತಳು. "ರೀ, ಇಲ್ಲಿ ಮೈಸೂರು ಅಂತಿದೆ ಕಣ್ರೀ."

ಹೌದು, ಮೈಸೂರು ಸಂಸ್ಥಾನದ ಪಡೆ. ಅದರ ಕೆಳಗೆ ಒಂದು ಪಟ್ಟಿ. ನಮ್ಮ ಮದುವೆ ಮನೆಗಳಲ್ಲಿ ಕೂಗಿದರೆ ನಾಲ್ಕು ಜನ 'ಆ?' ಅಂತ ತಿರುಗುವಂಥ ಹೆಸರುಗಳು. ಅವಳ ಬೆರಳು ಒಂದರ ಮೇಲೆ ನಿಂತಿತು. ಅವಳು ಅದನ್ನು ಗಂಭೀರವಾಗಿ ಏನೂ ಹೇಳಲಿಲ್ಲ. ಮನಸ್ಸು ಹಗುರ ಮಾಡೋಣ ಅಂತಲೇ ಇರಬೇಕು, "ನೋಡ್ರಿ, ಇದು ನಿಮ್ ಚಿಕ್ಕತಾತನ ಹೆಸರಲ್ವಾ, ದಂಡಿಗೆ ಹೋದೋರು?" ಅಂದಳು.

ದಂಡಿಗೆ ಹೋದೋರು. ಸಾವಿರ ಸಲ ನನ್ನ ಬಾಯಿಂದಲೇ ಬಂದ ಮಾತು. ಆ ಗೋಡೆಯ ಮುಂದೆ ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಮೊದಲ ಸಲ ಅದರ ಅರ್ಥ ಕೇಳಿಸಿತು. ದಂಡಿಗೆ ಹೋಗಿ ಸೇರಿಕೊಂಡ. ಅಜ್ಜಿ ಒಗಟು ಹೇಳಿರಲಿಲ್ಲ. ನೆಟ್ಟಗೆ, ಇದ್ದದ್ದನ್ನು ಇದ್ದಹಾಗೆ ಹೇಳಿದ್ದಳು.

ಆ ಹೆಸರಿನವರು ಆ ಪಟ್ಟಿಯಲ್ಲಿ ಮೂವರಿದ್ದರು. ಊರು ಬರೆದಿರಲಿಲ್ಲ. ಅವನೇ ಅಂತ ಹೇಳುವುದಕ್ಕೆ ನನ್ನ ಹತ್ತಿರ ಇವತ್ತಿಗೂ ಆಧಾರವಿಲ್ಲ. ಆದರೆ ಹೂ ಮಾರುವವಳನ್ನೂ ಚಿನ್ನದ ಹಲ್ಲನ್ನೂ ಕಟ್ಟುವಾಗ ನಾನು ಯಾವ ಆಧಾರ ಕೇಳಿದ್ದೆ? ಹೆಂಡತಿ ನನ್ನ ಮುಖ ನೋಡಿ ಬೆರಳು ಹಿಂದಕ್ಕೆ ತೆಗೆದುಕೊಂಡಳು. ಗೋಡೆಯ ಫೋಟೋ ತೆಗೆದೆ. ಬಸ್ಸು ಬಂತು. ಮೃಗಾಲಯದಲ್ಲಿ ಏನು ನೋಡಿದೆನೋ ಒಂದೂ ನೆನಪಿಲ್ಲ.

ಊರಿಗೆ ಬಂದ ಮೇಲೆ ಎರಡು ವಾರ ಸುಮ್ಮನಿದ್ದೆ. ಅತ್ತೆಗೆ ಎಂಬತ್ತನಾಲ್ಕು. ಹುಟ್ಟಿದಾಗಿನಿಂದ ಓಡಿಹೋದವನ ಮಗಳು ಅನ್ನಿಸಿಕೊಂಡು ಬದುಕಿದವಳು. ಆ ಮಾತನ್ನು ಊರಿಗೆಲ್ಲ ಹಂಚಿದವನು ನಾನು. ಅವಳು ಕಣ್ಣು ಮುಚ್ಚುವುದರೊಳಗೆ ಅವಳೆದುರು ಕೂತು ಹೇಳಬೇಕು, ತಪ್ಪಾಯಿತು ಅನ್ನಬೇಕು. ಅವಳು ಏನಂದಾಳೋ ಅನ್ನುವ ಹೆದರಿಕೆಯಿಂದ ಒಂದು ಭಾನುವಾರ ನೆಗಡಿ ಅಂದೆ, ಇನ್ನೊಂದು ಭಾನುವಾರ ಟ್ರಾಫಿಕ್ಕು ಅಂದೆ. ಕೊನೆಗೆ ಹೆಂಡತಿಯೇ ಗದರಿದಳು. "ಬೇರೆಯೋರ ಮಾನ ತೆಗೆಯೋಕೆ ನಿಮ್ಗೆ ಮುಹೂರ್ತ ಬೇಕಿರ್ಲಿಲ್ಲ. ಇದಕ್ಕ್ಯಾಕ್ರೀ ಬೇಕು?"

ಗಂಗಮ್ಮನಗುಡಿ ದಾಟಿ ಅಬ್ಬಿಗೆರೆಗೆ ಹೋದಾಗ ಅತ್ತೆ, ತನ್ನ ಮಗಳ ಮನೆಯ ಎರಡನೇ ಮಹಡಿಯ ಬಾಲ್ಕನಿಯಲ್ಲಿ ಬಿಸಿಲಿಗೆ ಕಾಲು ಚಾಚಿಕೊಂಡು, ನೆನೆಸಿದ ಅವರೆಕಾಳು ಹಿಸುಕುತ್ತಿದ್ದಳು.

"ಏನಪ್ಪ, ಸಿಂಗಪುರದ ಸಾವ್ಕಾರ್ರು! ಬಾ, ಕೂತ್ಕ. ಸುಮ್ನೆ ಕೂತ್ಕಬ್ಯಾಡ, ಇಸುಕು."

ನಾನೂ ಹಿಸುಕುತ್ತ ಕೂತೆ. ಅಷ್ಟು ಕಥೆ ಹೇಳಿದವನಿಗೆ ಇದನ್ನು ಎಲ್ಲಿಂದ ಎತ್ತಿಕೊಳ್ಳಬೇಕು ಅಂತ ಗೊತ್ತಾಗಲಿಲ್ಲ. ಹೇಗೆ ಹೇಳಿದರೂ ಕಥೆಯ ಹಾಗೇ ಆಗುತ್ತಿತ್ತು. ಕೊನೆಗೆ ಫೋನು ತೆಗೆದು ಗೋಡೆಯ ಫೋಟೋ ತೋರಿಸಿ, "ಅತ್ತೆ, ಚಿಕ್ಕತಾತ ಹೋಗಿದ್ದು ಈ ದಂಡಿಗೆ ಅನ್ಸತ್ತೆ," ಅಂದೆ. ಯುದ್ಧ, ಸಿಂಗಪುರ, ಮೈಸೂರಿನ ಪಡೆ, ಒಂದೇ ಹೆಸರಿನ ಮೂವರು, ಎಲ್ಲ ಹೇಳಿದೆ.

ಅವಳು ಕೈ ಒರೆಸಿಕೊಂಡು ಫೋನು ಇಸಿದುಕೊಂಡಳು. ಇಂಗ್ಲಿಷ್ ಓದಲು ಬಾರದು. ಅಕ್ಷರಗಳ ಮೇಲೆ ಹೆಬ್ಬೆರಳು ಆಡಿಸಿದಳು. ಆಡಿಸಿದ ರಭಸಕ್ಕೆ ಫೋಟೋ ಸರಿದು ಹಿಂದಿನದು ಬಂತು. ಹುಲ್ಲಿನ ಮೇಲೆ ನಾನು, ಕೈಯಲ್ಲಿ ಕೋಡುಬಳೆ, ಕಲ್ಲಿನ ನೆತ್ತಿಯ ಮೇಲೆ ಕೈ.

"ಇದ್ಯಾವ್ ಕಲ್ಲೋ?"

"ಸಮಾಧಿ, ಅತ್ತೆ."

"ಯಾರ್ದು?"

"ಗೊತ್ತಿಲ್ಲ. ಯಾರೋ ಸಿಪಾಯಿದು."

ಅವಳು ಆ ಫೋಟೋವನ್ನು ಗೋಡೆಯ ಫೋಟೋಗಿಂತ ಹೆಚ್ಚು ಹೊತ್ತು ನೋಡಿದಳು. ನಾನು ಫೋನಿಗೆ ಕೈ ಚಾಚಿದೆ. "ತಪ್ಪಾಯ್ತು ಅತ್ತೆ. ಇದೂ ತಪ್ಪು, ಇಷ್ಟು ವರ್ಷ ಆ ಕಥೆ ಹೇಳಿದ್ದೂ ತಪ್ಪು. ನಿಜ ನಂಗೆ ಗೊತ್ತಿರ್ಲಿಲ್ಲ."

"ನಂಗೆ ಗೊತ್ತಿತ್ತು," ಅಂದಳು ಅತ್ತೆ. ಫೋನು ನನ್ನ ಮಡಿಲಿಗೆ ಹಾಕಿ ಮತ್ತೆ ಅವರೆಗೆ ಕೈ ಹಾಕಿದಳು. "ದಂಡು ಅಂದ್ರೆ ಯಾವ ದಂಡು ಅಂತ ನಮ್ಮವ್ವ ಏಳಿದ್ಲು. ಕಾಕಿ ಬಟ್ಟೆ ಆಕ್ಕಂಡು ಒಂದ್ಸಲ ಬಂದಿದ್ನಂತೆ. ಬೂಟ್ಸು ಬಿಚ್ಚೋಕೂ ಟೈಮಿರ್ಲಿಲ್ವಂತೆ, ಅಂಗೇ ವಸ್ಲ ಮೇಲೆ ನಿಂತು ನನ್ನ ಎತ್ಕಂಡಿದ್ನಂತೆ. ದೊಡ್ಡಪ್ಪಂಗೆ ಏಳ್ದೆ ಸೇರಿದ್ದ ಅಂತ ದೊಡ್ಡಪ್ಪ ಒಳೀಕ್ ಬಿಟ್ಕಳ್ಳಿಲ್ಲ."

ದೊಡ್ಡಪ್ಪ ಅಂದರೆ ನಮ್ಮ ತಾತ. ಹೆಸರೆತ್ತಿದರೆ ಎದ್ದು ಹೋಗುತ್ತಿದ್ದನಲ್ಲ, ಅವನು.

"ಮತ್ತೆ ಯಾಕೆ ಒಂದ್ ಮಾತು ಹೇಳ್ಲಿಲ್ಲ ಅತ್ತೆ? ನೀನೂ ನಗ್ತಿದ್ದೆ."

"ನಗದೆ? ನಾನು ನಗ್ದಿದ್ರೆ ಎಲ್ರೂ ನಮ್ಮವ್ವನ್ ಮಕ ನೋಡೋರು."

ಇನ್ನೊಂದು ಹಿಡಿ ಅವರೆ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಕೇಳಿದಳು: "ನಮ್ಮವ್ವ ನಿನ್ನ ಒಂದ್ಸಲ ಬೀದಿ ಕೇಳಿದ್ಲು. ನೆಪ್ಪೈತಾ?"

ನೆನಪಿತ್ತು. ಆವರೆಗೂ ಅದು ನನಗೆ ನೆನಪಿದೆ ಅಂತಲೇ ನೆನಪಿರಲಿಲ್ಲ. ಕಥೆ ಕಟ್ಟಿದ ಹೊಸದು. ಜಗಲಿಯ ಮೇಲೆ ಗೆಳೆಯರಿಗೆ ಹೇಳಿ ನಗಿಸಿದ ಮಾರನೆಯ ದಿನ ಚಿಕ್ಕಜ್ಜಿ ನೀರು ಸೇದುತ್ತಿದ್ದವಳು ಹಗ್ಗ ನಿಲ್ಲಿಸಿ, "ಯಾವ್ ಬೀದಿ ಅಂದೆ ಮಗಾ?" ಅಂದಿದ್ದಳು. ಅವಳೂ ತಮಾಷೆಗೆ ಸೇರಿಕೊಂಡಳು ಅಂತ ನನಗೆ ಖುಷಿಯಾಗಿತ್ತು. "ಮಾರ್ಕೆಟ್ ಹಿಂದೆ ಮೂರನೇ ಬೀದಿ, ನೀಲಿ ಬಾಗ್ಲು," ಅಂತ ಒಂದು ನಂಬರು ಬೇರೆ ಸೇರಿಸಿದ್ದೆ.

"ನೀನು ಹಲ್ಲು, ಬಾಗ್ಲು, ಬಣ್ಣ ಎಲ್ಲ ಏಳ್ದಲ್ಲ. ಓದೋ ಉಡ್ಗ, ಬಸ್ನಾಗೆ ಓಡಾಡ್ತಾನೆ, ಕಂಡೇ ಇರ್ತಾನೆ ಅಂದ್ಕಂಡ್ಲು. ನಮ್ಮಪ್ಪ ದಂಡಿಂದ ತಪ್ಪಿಸ್ಕಂಡು ಬಂದವ್ನೆ, ದೊಡ್ಡಪ್ಪಂಗೆ ಎದ್ರಿ ಊರಿಗ್ ಬಂದಿಲ್ಲ ಅಂತ. ನನ್ನೂ ಕರ್ಕಂಡು ಓದ್ಲು. ಮೂರು ದಿನ ಓದ್ವಿ. ನೀಲಿ ಬಾಗ್ಲು ಕಂಡ್ ಕಡೆಯೆಲ್ಲ ತಟ್ಟಿದ್ವಿ. ಚಿನ್ನದ ಹಲ್ಲಿನೋನು ಒಬ್ಬ ಸಿಕ್ದ ಕಣೋ," ಅಂತ ಅತ್ತೆ ನಕ್ಕಳು. ನಿಜವಾಗಿಯೂ ನಕ್ಕಳು. "ಪಾಪ, ಯಾರೋ ಸಾಬ್ರು. ಕುಂಡ್ರಿಸಿ ನೀರ್ ಕೊಟ್ರು. ನಮ್ಮವ್ವ ಅವ್ರ ಬಾಯ್ನೇ ನೋಡ್ತಾ ಕುಂತಿದ್ಲು."

ನಾನು ಅಳಬೇಕೆಂದುಕೊಂಡೆ. ಅಳು ಬಂದಿದ್ದರೆ ಅದೂ ಒಂದು ತಪ್ಪಿಸಿಕೊಳ್ಳುವ ದಾರಿಯಾಗುತ್ತಿತ್ತು. ಬರಲಿಲ್ಲ. ಕೈಯಲ್ಲಿದ್ದ ಅವರೆ ಜಜ್ಜಿ ಹೋಗಿತ್ತು. ಜನ ನಗುವಂತೆ ಹೇಳುತ್ತೇನೆ ಅಂತ ನನಗೆ ಹೆಮ್ಮೆಯಿತ್ತು, ಜನ ನಂಬುವಂತೆ ಹೇಳಿದ್ದೆ ಅನ್ನುವುದು ಆಗ ಗೊತ್ತಾಯಿತು. ನಂಬಿದವಳು ಒಬ್ಬಳೇ. ಅವಳಿಗೆ ನಾನು ನಿಜ ಹೇಳಲು ಸಾಧ್ಯವಿರುವ ಕಾಲ ಮುಗಿದು ಹೋಗಿ ಮೂವತ್ತು ವರ್ಷವಾಗಿತ್ತು.

"ಬೈದುಬಿಡು ಅತ್ತೆ," ಅಂದೆ.

"ಬಯ್ದ್ರೆ ನಿಂಗೆ ಅಗುರಾಯ್ತದೆ. ನಂಗೇನಾಯ್ತದೆ?" ಅಂದಳು. ಕೋಪದಿಂದಲ್ಲ, ತರಕಾರಿ ಚೌಕಾಸಿ ಮಾಡುವ ದನಿಯಲ್ಲಿ. ಸಿಪ್ಪೆ ಕೊಡವಿ ಮತ್ತೆ ಅಂದಳು: "ಒಂದ್ ಕೆಲ್ಸ ಮಾಡು. ಈ ಸಲ ಪಿತೃಪಕ್ಷಕ್ಕೆ ಅವ್ನಿಗೂ ಒಂದೆಲೆ ಆಕು. ಇದ್ದಾನೋ ಇಲ್ವೋ ಅಂತ ಇಷ್ಟ್ ವರ್ಸ ಯಾರೂ ಆಕ್ಲಿಲ್ಲ. ನಮ್ಮವ್ವ ಆಕೋಕ್ ಬುಡ್ಲಿಲ್ಲ."

"ಹಾಕ್ತೀನಿ ಅತ್ತೆ."

"ಎಡೆಗೆ ಏನಿಕ್ತೀಯ?"

ಪಿತೃಪಕ್ಷದ ಎಡೆ ಅಂದರೆ ನಮ್ಮಲ್ಲಿ ಸತ್ತವರಿಗೆ ಇಷ್ಟವಾದದ್ದನ್ನೇ ಬಡಿಸಬೇಕು. ತಾತನಿಗೆ ಕೋಳಿಸಾರು, ಅಜ್ಜಿಗೆ ಕಡಲೆಬೇಳೆ ವಡೆ, ಅಪ್ಪನಿಗೆ ಒಂದು ಬೀಡಿ ಕಟ್ಟು. "ಅವ್ನಿಗೇನ್ ಇಷ್ಟ ಇತ್ತು?" ಅಂತ ಅತ್ತೆ ನನ್ನನ್ನೇ ನೋಡಿದಳು. ನಾಚಿಕೆಯಿಂದ ಹೇಳುತ್ತೇನೆ, ಆ ಗಳಿಗೆಯಲ್ಲೂ ನನ್ನ ನಾಲಿಗೆಯ ತುದಿಗೆ ಉತ್ತರ ಬಂದಿತ್ತು. ಹುರುಳಿ ಬಸ್ಸಾರು ಅನ್ನಬಹುದಿತ್ತು. ಅದರ ಹಿಂದೆಯೇ ಒಂದು ಸಣ್ಣ ಪ್ರಸಂಗವೂ ತಯಾರಾಗಿ ನಿಂತಿತ್ತು. ಅಜ್ಜಿ ಹೇಳಿದ್ದಳು ಅಂದುಬಿಟ್ಟಿದ್ದರೆ ಅತ್ತೆ ನಂಬುತ್ತಿದ್ದಳು, ಅವಳ ಮುಖ ಅರಳುತ್ತಿತ್ತು.

ಬಾಯಿ ಮುಚ್ಚಿಕೊಂಡೆ. "ಗೊತ್ತಿಲ್ಲ ಅತ್ತೆ," ಅಂದೆ.

"ನಂಗೂ ಗೊತ್ತಿಲ್ಲ," ಅಂದಳು. "ಬರೀ ಅನ್ನ ಇಕ್ಕು. ಬಿಳೀ ಅನ್ನ, ಒಂದ್ ಲೋಟ ನೀರು."

ಮಹಾಲಯ ಅಮಾವಾಸ್ಯೆಗೆ ಕೋಗಿಲಿನಲ್ಲಿ ಎಲ್ಲರೂ ಸೇರಿದ್ದರು. ಸಾಲಿನ ಕೊನೆಯಲ್ಲಿ ಒಂದು ಎಲೆ ಹೆಚ್ಚಿಗೆ ಹಾಕಿ ಅನ್ನ ಬಡಿಸಿದೆ, ನೀರಿಟ್ಟೆ. "ಇದ್ಯಾರಿಗೆ ಭಾವ, ಸಾರೂ ಇಲ್ವಲ್ಲ?" ಅಂತ ಭಾಮೈದ ಕೇಳಿದ. "ಚಿಕ್ಕತಾತನಿಗೆ. ಯುದ್ಧಕ್ಕೆ ಹೋಗಿದ್ದ, ಬರ್ಲಿಲ್ಲ," ಅಂದೆ. ಕೆಲವರು ಕಥೆ ಶುರುವಾಯಿತು ಅಂದುಕೊಂಡು ನಗುವುದಕ್ಕೆ ಸಿದ್ಧವಾಗಿ ನನ್ನ ಕಡೆ ತಿರುಗಿದರು. ಮುಂದೇನು ಅಂತ ಕಾದರು. ಮುಂದೆ ನನಗೆ ಏನೂ ಗೊತ್ತಿರಲಿಲ್ಲ.